ಕೊಲಂಬಸ್‌ಗೆ ವೀಸಾ ಬೇಕು, ಗುಂಡಗುರ್ತಿಗೆ ಟಂಟಂ ಸಾಕು

ಸೆಮಿಸ್ಟರ್ ಪರೀಕ್ಷೆ ಮುಗಿದ ಮರುದಿನವೇ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಶುರುವಾಗುತ್ತದೆ. ಈ ಸಲ ಟ್ರಿಪ್ ಎಲ್ಲಿಗೆ? ಉತ್ತರ ಮೂರೇ: ಹಂಪಿ, ಗೋಕರ್ಣ, ಚಿಕ್ಕಮಗಳೂರು. ಯಾರೋ ಪೋಲ್ ಹಾಕ್ತಾರೆ. ಅರ್ಧ ಜನ ಓಟು ಹಾಕಲ್ಲ, ಹಾಕಿದವರಲ್ಲಿ ಅರ್ಧ ಜನ ಕೊನೆಗೆ ಬರಲ್ಲ. ಹೋದವರು ಮುಳ್ಳಯ್ಯನಗಿರಿ ರಸ್ತೆಯ ಜಾಮಿನಲ್ಲಿ ಎರಡು ಗಂಟೆ ನಿಂತು, ಮಂಜಿನ ಫೋಟೋ ಹಾಕಿ, 'ಪೀಸ್' ಅಂತ ಬರೀತಾರೆ.

ಈ ವರ್ಷ ನಾವು ಒಂಬತ್ತು ಜನ ಗುಂಡಗುರ್ತಿಗೆ ಹೋಗಿಬಂದೆವು. "ಎಲ್ಲಿಗೆ? ಏನದು? ಯಾಕೆ?" ಅಂತ ಮೆಸ್ಸಿನಲ್ಲಿ ಕೇಳಿದವರಿಗೆಲ್ಲ ಒಬ್ಬೊಬ್ಬರಿಗೇ ಹೇಳಿ ಸಾಕಾಯ್ತು. ಆದ್ದರಿಂದ ಒಟ್ಟಿಗೆ ಬರೆಯುತ್ತಿದ್ದೇವೆ.

ಗುಂಡಗುರ್ತಿ ಕಲಬುರಗಿ ಜಿಲ್ಲೆ, ಚಿತ್ತಾಪುರ ತಾಲೂಕಿನ ಒಂದು ಊರು. ಅಲ್ಲಿ ಜಲಪಾತ ಇಲ್ಲ, ರೆಸಾರ್ಟ್ ಇಲ್ಲ, ವ್ಯೂ ಪಾಯಿಂಟ್ ಇಲ್ಲ. ಅಲ್ಲಿಗೆ ನಮ್ಮನ್ನು ಕಳಿಸಿದ್ದು ಒಂದು ಅಮೆರಿಕನ್ ಸಿನಿಮಾ. ಅದರಿಂದಲೇ ಶುರು ಮಾಡೋಣ.

ಸಂಘದ ಶುಕ್ರವಾರದ ಸಿನಿಮಾಕ್ಕೆ ಕನ್ನಡವೇ ಆಗಬೇಕೆಂಬ ನಿಯಮವಿಲ್ಲ, ಸಿನಿಮಾ ಆದ ಮೇಲಿನ ಚರ್ಚೆ ಕನ್ನಡದಲ್ಲಿರಬೇಕು ಅಷ್ಟೇ. ಕಳೆದ ಸೆಮಿಸ್ಟರಿನಲ್ಲಿ 'ಕೊಲಂಬಸ್' ಹಾಕಿದ್ದೆವು. ಕೊಗೊನಾಡ ಎಂಬ ನಿರ್ದೇಶಕನ 2017ರ ಚಿತ್ರ. ಹೆಸರು ನೋಡಿ ಹಡಗು, ಸಮುದ್ರ ಅಂದುಕೊಂಡು ಬಂದವರು ಇಪ್ಪತ್ತು ನಿಮಿಷಕ್ಕೆ ಎದ್ದು ಹೋದರು. ಇದು ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಸಣ್ಣ ಊರಿನ ಕಥೆ. ಒಹಾಯೋದ ದೊಡ್ಡ ಕೊಲಂಬಸ್ ಅಲ್ಲ. ಸುಮಾರು 50,000 ಜನ ಇರುವ ಊರು. ಅಲ್ಲಿನ ಲೈಬ್ರರಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ, ಕೋಮಾದಲ್ಲಿರುವ ಅಪ್ಪನನ್ನು ನೋಡಲು ದೂರದಿಂದ ಬಂದ ಒಬ್ಬ ಗಂಡಸು. ಇಬ್ಬರೂ ಸೇರಿ ಊರಿನ ಕಟ್ಟಡಗಳನ್ನು ನೋಡುತ್ತಾರೆ, ಮಾತಾಡುತ್ತಾರೆ, ಸಿಗರೇಟು ಸೇದುತ್ತಾರೆ. ಕಥೆ ಅಷ್ಟೇ. ಕ್ಯಾಮೆರಾ ಅಲ್ಲಾಡೋದೇ ಇಲ್ಲ. ನಮ್ಮಲ್ಲಿ ಕೆಲವರಿಗೆ ನಿದ್ದೆ ಬಂತು, ಸುಳ್ಳು ಹೇಳಲ್ಲ.

ಆದರೆ ಊರು ಮಾತ್ರ ವಿಚಿತ್ರವಾದದ್ದು. ಹಾಸ್ಟೆಲ್ ಹಿಂದಿನ ಡೀಸೆಲ್ ಜನರೇಟರ್ ಮೇಲೆ ಬರೆದಿರುತ್ತಲ್ಲ ಕಮ್ಮಿನ್ಸ್ ಅಂತ, ಆ ಕಮ್ಮಿನ್ಸ್ ಹುಟ್ಟಿದ್ದು, ಇವತ್ತಿಗೂ ಮುಖ್ಯ ಕಚೇರಿ ಇಟ್ಟುಕೊಂಡಿರೋದು ಆ ಊರಿನಲ್ಲೇ. (ಈ ವಿಷಯ ಆಮೇಲೆ ತಿಳಿದು, ಎದ್ದು ಹೋದ ಮೆಕ್ಯಾನಿಕಲ್ ಗೆಳೆಯರು ಹೊಟ್ಟೆ ಉರಿದುಕೊಂಡರು.) ಜೆ. ಇರ್ವಿನ್ ಮಿಲ್ಲರ್ ಎಂಬವರು ಕಂಪನಿ ನಡೆಸುತ್ತಿದ್ದ ಕಾಲದಲ್ಲಿ, 1950ರ ದಶಕದಿಂದ, ಕಂಪನಿಯ ಫೌಂಡೇಶನ್ ಒಂದು ಮಾತು ಕೊಟ್ಟಿತು: ಊರಿಗೆ ಶಾಲೆಯೋ ಅಗ್ನಿಶಾಮಕ ಠಾಣೆಯೋ ಕಟ್ಟುವುದಾದರೆ ಒಳ್ಳೆಯ ಆರ್ಕಿಟೆಕ್ಟನ್ನು ಕರೆಸಿ, ಅವರ ಫೀಸು ನಾವು ಕೊಡ್ತೀವಿ. ಹಾಗೆ ದೊಡ್ಡ ದೊಡ್ಡ ಆರ್ಕಿಟೆಕ್ಟುಗಳು ಒಂದು ಡೀಸೆಲ್ ಎಂಜಿನ್ ಊರಿಗೆ ಬಂದು ಕಟ್ಟಿದರು. ಅಲ್ಲಿನ ಒಂದು ಚರ್ಚು ಎಲಿಯೆಲ್ ಸಾರಿನೆನ್ 1942ರಲ್ಲೇ ಕಟ್ಟಿದ್ದು. ಆ ಹುಡುಗಿ ಕೆಲಸ ಮಾಡುವ ಲೈಬ್ರರಿ ಐ.ಎಂ. ಪೇ ಅವರದು. ಅಮೆರಿಕಕ್ಕೆ ಹೋದ ನಮ್ಮವರು ನೋಡೋದು ನಯಾಗರಾ, ನ್ಯೂಯಾರ್ಕ್, ವೇಗಸ್. ಕೊಲಂಬಸ್ಸಿನಲ್ಲೇ ಕೆಲಸಕ್ಕಿರುವ ನಮ್ಮ ಸೀನಿಯರ್ ಒಬ್ಬರನ್ನು ಕೇಳಿದರೆ, "ಎರಡು ವರ್ಷ ದಿನಾ ಆ ಚರ್ಚಿನ ಮುಂದೇನೇ ಕಾರ್ ಓಡಿಸಿದೀನಿ ಕಣ್ರೋ, ವಾಟರ್ ಟ್ಯಾಂಕ್ ಅಂದ್ಕೊಂಡಿದ್ದೆ" ಅಂದರು.

ಆ ಸಿನಿಮಾದಲ್ಲಿ ನಮಗೆ ತಾಗಿದ್ದು ಕಟ್ಟಡಕ್ಕಿಂತ ಆ ಹುಡುಗಿ. ತನ್ನೂರಿನ ಕಟ್ಟಡಗಳ ಬಗ್ಗೆ ಯಾವ ಗೈಡಿಗಿಂತಲೂ ಚೆನ್ನಾಗಿ ಅವಳಿಗೆ ಗೊತ್ತು. ಅವಳ ಸುತ್ತ ಇರುವವರಿಗೆ ಆ ಕಟ್ಟಡಗಳು ಕಾಣುವುದೇ ಇಲ್ಲ. ಅಷ್ಟು ಗೊತ್ತಿದ್ದೂ ಅವಳ ಮುಂದಿನ ಪ್ರಶ್ನೆ ಒಂದೇ, ಈ ಊರು ಬಿಡೋದಾ, ಅಮ್ಮನಿಗೋಸ್ಕರ ಇರೋದಾ.

ಚರ್ಚೆಯಲ್ಲಿ ಕೊನೆಗೆ ಮಾತಾಡಿದ್ದು ಗುಂಡಗುರ್ತಿಯ ನಮ್ಮ ಗೆಳೆಯ, ಸಿವಿಲ್‌ನವನು. "ಇದು ನಮ್ ಕಡಿ ಕಥಿನೇ ಅದ" ಅಂದ. ನಾವು ನಕ್ಕೆವು. ಅವನು ಅಲ್ಲಿಗೆ ನಿಲ್ಲಿಸಿಬಿಟ್ಟ.

ಈ ನಗುವಿನ ಬಗ್ಗೆ ಹೇಳಲೇಬೇಕು, ಯಾಕಂದ್ರೆ ಇದು ನಮ್ಮ ತಪ್ಪು. ಅವನು ಫಸ್ಟ್ ಇಯರ್‌ಗೆ ಬಂದಾಗ "ಹೋಗಲತ್ತೀನಿ", "ನಾ ಭೀ ಬರ್ತೀನಿ" ಅಂತಿದ್ದ. ನಮಗೆ ಅದು ಕಾಮಿಡಿ. ಸಿನಿಮಾಗಳಲ್ಲಿ ಆ ಕಡೆಯ ಕನ್ನಡ ಬರೋದೇ ಹೀರೋನ ಪಕ್ಕದ ಪೆದ್ದನ ಬಾಯಲ್ಲಿ, ಅದನ್ನೇ ನೋಡಿ ಬೆಳೆದವರು ನಾವು. ಫ್ರೆಷರ್ಸ್ ಡೇ ನಾಟಕದಲ್ಲಿ ಅವನಿಗೆ ಕೊಟ್ಟಿದ್ದೂ ಅದೇ ಪಾತ್ರ. ಅವನೂ ಮಾಡಿದ, ಚಪ್ಪಾಳೆ ಬಿತ್ತು. ಮೂರನೇ ಸೆಮಿಸ್ಟರ್ ಹೊತ್ತಿಗೆ ಅವನ ಕನ್ನಡ ನಮ್ಮ ಹಾಗೆ ಆಗಿತ್ತು. ಮನೆಯಿಂದ ಫೋನ್ ಬಂದರೆ ಮಾತ್ರ ಎದ್ದು ಮೆಟ್ಟಿಲ ಹತ್ತಿರ ಹೋಗಿ ಮಾತಾಡ್ತಿದ್ದ. ಕನ್ನಡ ಸಂಘದವರ ರೂಮಿನಲ್ಲೇ ಒಬ್ಬ ಕನ್ನಡಿಗ ತನ್ನ ಕನ್ನಡ ಬಚ್ಚಿಟ್ಟುಕೊಂಡು ಓಡಾಡಿದ, ನಮಗೆ ಎರಡು ವರ್ಷ ಗೊತ್ತೇ ಆಗಲಿಲ್ಲ. ನವೆಂಬರ್‌ನಲ್ಲಿ ಬಾವುಟ ಹಿಡಿದು ಕುಣಿಯೋಕೆ ನಮ್ಮನ್ನು ಬಿಟ್ಟರಿಲ್ಲ.

ಅವನ ಮಾತು ನಮಗೆ ಅರ್ಥ ಆಗಿದ್ದು ಕಾಂಕ್ರೀಟ್ ಲ್ಯಾಬಿನಲ್ಲಿ. ಕ್ಯೂಬ್ ಹಾಕಲು ತಂದಿದ್ದ 50 ಕಿಲೋ ಚೀಲದ ಮೇಲೆ ತಯಾರಾದ ಊರು ಸೇಡಂ ಅಂತ ಇತ್ತು. "ನಮ್ಮೂರಿಂದ ಹತ್ತಿರ" ಅಂದ. ಆಮೇಲೆ ಲೆಕ್ಕ ಕೊಟ್ಟ: ಸೇಡಂನಲ್ಲಿ ಸಿಮೆಂಟು, ಮಳಖೇಡದಲ್ಲಿ ಸಿಮೆಂಟು, ವಾಡಿಯಲ್ಲಿ ಸಿಮೆಂಟು. ಶಹಾಬಾದಿನ ಕಲ್ಲಂತೂ ಸರಿಯೇ, ನಮ್ಮ ಹಾಸ್ಟೆಲಿನ ಬಟ್ಟೆ ಒಗೆಯುವ ಕಟ್ಟೆಗೂ ಅದೇ. ಶಹಾಬಾದಿನಲ್ಲಿ ಒಂದು ಕಾಲಕ್ಕೆ ಬಾಯ್ಲರ್ ಮಾಡುವ ದೊಡ್ಡ ಕಾರ್ಖಾನೆ ಇತ್ತು. ಆ ಇಡೀ ಸೀಮೆ ನಿಂತಿರುವುದೇ ಸುಣ್ಣಕಲ್ಲಿನ ಮೇಲೆ. ಕಲ್ಲು ಅಲ್ಲಿಯದು, ಸಿಮೆಂಟು ಅಲ್ಲಿಯದು, ನಮ್ಮ ಕಾಲೇಜಿನ ಹೊಸ ಬ್ಲಾಕಿಗೆ ಸೆಂಟ್ರಿಂಗ್ ಕಟ್ಟುತ್ತಿರುವ ಕೈಗಳೂ ಅಲ್ಲಿಯವೇ. ಕಟ್ಟಡ ಮಾತ್ರ ಬೆಂಗಳೂರಿನಲ್ಲಿ.

ಅದರ ಮುಂದಿನ ಶುಕ್ರವಾರ ಹಾಕಿದ್ದು ಉತ್ಸವ್ ಗೋನವಾರ ಅವರ 'ಫೋಟೋ'. ರಾಯಚೂರು ಕಡೆಯ ಒಬ್ಬ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕೂಲಿ. ಹುಡುಗ ಬರುತ್ತಾನೆ, 2020ರ ಮಾರ್ಚಿನ ಲಾಕ್‌ಡೌನೂ ಬರುತ್ತದೆ. ಅಪ್ಪ ಮಗ ಊರ ಕಡೆ ನಡೆಯತೊಡಗುತ್ತಾರೆ. ಮುಂದಿನದು ಹೇಳಲ್ಲ, ನೋಡಿ. ನಮ್ಮ ಅಭಿಪ್ರಾಯ ಕೇಳಿದರೆ, ಕೊನೆಯ ಭಾಗದಲ್ಲಿ ಸ್ವಲ್ಪ ಹೆಚ್ಚೇ ಅಳಿಸಲು ನೋಡುತ್ತದೆ, ಅಲ್ಲಿ ಸಂಗೀತ ಇಲ್ಲದಿದ್ದರೂ ನಡೀತಿತ್ತು. ಆದರೆ ಅದರಲ್ಲಿ ಮಾತಾಡುವ ಕನ್ನಡ ನಮ್ಮ ಗೆಳೆಯನದು. ಆ ಕನ್ನಡ ಕೇಳಿ ಅವತ್ತು ಯಾರೂ ನಗಲಿಲ್ಲ. ಹಾಲಿನಲ್ಲಿ ಹಿಂದೆ ಕೂತಿದ್ದ ಅವನು ಮಾತ್ರ ಎರಡು ಕಡೆ ನಕ್ಕ, ಅಲ್ಲಿ ಜೋಕ್ ಇತ್ತು ಅನ್ನೋದೂ ನಮಗೆ ಗೊತ್ತಾಗಲಿಲ್ಲ.

ಇಲ್ಲಿ ಒಂದು ಮಾತು. ಕರಾವಳಿಯ ಕನ್ನಡಕ್ಕೂ ಒಂದು ಕಾಲದಲ್ಲಿ ಇದೇ ಗತಿ ಇತ್ತು. "ಎಂತ ಮಾರಾಯ್ರೆ" ಅಂದ ತಕ್ಷಣ ಥಿಯೇಟರ್ ನಗಬೇಕು. ಅದು ಬದಲಾದದ್ದು ಭಾಷಣದಿಂದಲ್ಲ. 2014ರ 'ಉಳಿದವರು ಕಂಡಂತೆ', ಆಮೇಲೆ 'ಒಂದು ಮೊಟ್ಟೆಯ ಕಥೆ', 'ಗರುಡ ಗಮನ ವೃಷಭ ವಾಹನ', 'ಕಾಂತಾರ', ಮೊನ್ನೆಯ 'ಸು ಫ್ರಮ್ ಸೋ'. ಆ ಊರಿನವರೇ ಕ್ಯಾಮೆರಾ ಹಿಡಿದು, ತಮ್ಮ ಮಾತಿನಲ್ಲೇ ಸಿಟ್ಟು, ಪ್ರೀತಿ, ಭಯ ಎಲ್ಲ ಹೇಳಿದರು. ಹತ್ತೇ ವರ್ಷದಲ್ಲಿ ಆ ಕನ್ನಡ ಹೀರೋನ ಕನ್ನಡ ಆಯ್ತು. ಈಗ ನಮ್ಮ ತುಮಕೂರಿನ ಹುಡುಗರೂ ರೀಲ್ಸ್‌ಗೆ ಮಂಗಳೂರು ಕನ್ನಡ ಎಳೀತಾರೆ. 'ಫೋಟೋ', ಕಳೆದ ವರ್ಷದ 'ಹೆಬ್ಬುಲಿ ಕಟ್' ನೋಡಿದರೆ ಕಲ್ಯಾಣ ಕರ್ನಾಟಕದ ಕಡೆಯೂ ಅಂಥದ್ದೊಂದು ಶುರುವಾಗಿದೆ ಅನ್ನಿಸುತ್ತದೆ. ನಮ್ಮ ತಕರಾರು ಒಂದೇ. ಆ ಕಡೆಯ ಊರುಗಳು ತೆರೆಗೆ ಬರಲು ಕಷ್ಟವೇ ಬೇಕು. ವಲಸೆ, ಬರ, ಅವಮಾನ. ಕರಾವಳಿಯ ಊರಿಗೆ ದೆವ್ವದ ಕಾಮಿಡಿ ಸಿಗುತ್ತದೆ, ಕಲಬುರಗಿಗೆ ಯಾಕಿಲ್ಲ? ಅಲ್ಲಿನ ಹುಡುಗರು ಪ್ರೀತಿ ಮಾಡೋದಿಲ್ವಾ, ಸಪ್ಲಿ ಬರೆಯೋದಿಲ್ವಾ?

ಹೀಗೆ ಮಾತಾಡುತ್ತಾ ಕೂತಾಗ ಅವನೇ ಕರೆದ. "ನಮ್ಮೂರಿಗಿ ಬರ್ರಿ ನೋಡೋಣ."

ಜನವರಿಯಲ್ಲಿ ಹೊರಟೆವು. ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ವಾಡಿ. ವಾಡಿ ಜಂಕ್ಷನ್ ಎಲ್ಲರಿಗೂ ಗೊತ್ತು, ಆದರೆ ಕಿಟಕಿಯಿಂದ ಮಾತ್ರ. ಚಹಾ ಕುಡಿದು ಮತ್ತೆ ಮಲಗುವ ಸ್ಟೇಷನ್ ಅದು. ನಿಜಾಮರ ರೈಲು 1874ರಲ್ಲಿ ಇಲ್ಲಿಂದಲೇ ಸಿಕಂದರಾಬಾದಿಗೆ ಹೊರಟಿದ್ದು. ಆ ದಾರಿಯಲ್ಲಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ. ನಾವು ಚಿತ್ತಾಪುರದಲ್ಲಿ ಇಳಿದೆವು. ಗೆಳೆಯನ ಸೋದರಮಾವ ಟಂಟಂ ತಂದಿದ್ದರು. ಒಂಬತ್ತು ಜನ, ಒಂಬತ್ತು ಬ್ಯಾಗು, ಒಂದು ಟಂಟಂ. ಸ್ಟ್ರಕ್ಚರಲ್ ಅನಾಲಿಸಿಸ್‌ನಲ್ಲಿ ಕಲಿತದ್ದೆಲ್ಲ ಆವತ್ತು ಸುಳ್ಳಾಯ್ತು.

ರಸ್ತೆಯ ಎರಡೂ ಕಡೆ ತೊಗರಿ. ಕೊಯ್ದದ್ದು, ಕೊಯ್ಯುತ್ತಿರುವುದು, ರಾಶಿ ಹಾಕಿದ್ದು. ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಇದೆ ಅಂತ ಕ್ವಿಜ್‌ಗೆ ಓದಿದ್ದೆವು, ಗಿಡ ನೋಡಿದ್ದು ಅವತ್ತೇ. ದಿನಾ ಮೆಸ್ಸಿನ ಸಾಂಬಾರಿನಲ್ಲಿ ಹುಡುಕುವ ಬೇಳೆ ಕಣ್ಣು ಹಾಯುವ ತನಕ ನಿಂತಿತ್ತು. ಕರಿ ಮಣ್ಣು, ಒಂದೂ ಗುಡ್ಡ ಇಲ್ಲದ ಬಯಲು, ಮೇಲೆ ದೊಡ್ಡ ಆಕಾಶ. ಮಲೆನಾಡೇ ಚೆಂದ ಅಂತ ನಂಬಿದ ನಮ್ಮ ತೀರ್ಥಹಳ್ಳಿ ಗೆಳತಿ ಬಹಳ ಹೊತ್ತು ಸುಮ್ಮನಿದ್ದು, "ಇಲ್ಲಿ ಏನೂ ಅಡ್ಡ ಇಲ್ಲ ಅಲ್ವಾ" ಅಂದಳು. ಅವಳ ಬಾಯಲ್ಲಿ ಅದು ಹೊಗಳಿಕೆ.

ಮನೆ ಹಳೆಯದು. ಕಲ್ಲಿನ ಗೋಡೆ, ನೆಲಕ್ಕೆ ಪರ್ಸಿ ಕಲ್ಲು, ಚಾವಣಿಗೂ ಅದೇ. ಮಧ್ಯಾಹ್ನದ ಬಿಸಿಲಿನಲ್ಲೂ ಒಳಗೆ ತಂಪು. ಕಲ್ಲು ಎಷ್ಟು ದಪ್ಪ, ತೊಲೆಯಿಂದ ತೊಲೆಗೆ ಎಷ್ಟು ಅಂತರ ಅಂತ ಸಿವಿಲ್‌ನವರು ಟೇಪ್ ಹಿಡಿದು ಅಳೆಯತೊಡಗಿದಾಗ ಗೆಳೆಯನ ತಾಯಿಗೆ ಗಾಬರಿ. "ಮನಿ ಖರೀದಿ ಮಾಡಲಾಕ ಬಂದೀರೇನ್ರಿ?" ನಮ್ಮಲ್ಲೊಬ್ಬ "ಇಲ್ಲ ಆಂಟಿ" ಅಂದ. "ಆಂಟಿ ಯಾಕಪ್ಪಾ, ಕಾಕಿ ಅನ್ನು" ಅಂದರು. ಆಮೇಲೆ ಎರಡು ದಿನ ನಮಗೆಲ್ಲ ಅವರು ಕಾಕಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಎಷ್ಟು ರೊಟ್ಟಿ ತಿಂದೆವು ಅನ್ನೋದನ್ನು ಇಲ್ಲಿ ಬರೆಯಲ್ಲ, ಮೆಸ್ ಮ್ಯಾನೇಜರ್ ಈ ಪತ್ರಿಕೆ ಓದುತ್ತಾರೆ.

"ಇಲ್ಲಿ ಏನದ ಅಂತ ಬಂದೀರಿ?" ಕಾಕಿ ಮತ್ತೆ ಮತ್ತೆ ಕೇಳಿದರು. ಬಿಗುಮಾನದ ಮಾತಲ್ಲ, ನಿಜವಾದ ಪ್ರಶ್ನೆ. ನಮ್ಮ ಹತ್ತಿರ ಉತ್ತರ ಇರಲಿಲ್ಲ. "ಸಿನಿಮಾ ನೋಡಿ ಬಂದ್ವಿ" ಅಂದರೆ, "ನಮ್ಮೂರು ಯಾವ ಸಿನಿಮಾದಾಗ ಬಂದದ?" ಅಂದರು. ಗೆಳೆಯ ಜೋರಾಗಿ ನಕ್ಕ. ಅಲ್ಲಿ ಅವನು ಬೇರೆಯೇ ಮನುಷ್ಯ. ಬೀದಿ ತುಂಬ ಮಾತು, ಚಹಾದ ಅಂಗಡಿಯಲ್ಲಿ ಜೋಕು, ಅಜ್ಜಂದಿರ ಜೊತೆ ವಾದ. ಮೂರು ವರ್ಷ ಒಂದೇ ರೂಮಿನಲ್ಲಿದ್ದವನು ಇಷ್ಟು ತಮಾಷೆಯ ಮನುಷ್ಯ ಅಂತ ನಮಗೆ ಗೊತ್ತಿರಲಿಲ್ಲ.

ಮರುದಿನ ಮಳಖೇಡ. ಸೇಡಂ ರಸ್ತೆಯಲ್ಲಿ, ಕಾಗಿಣಾ ನದಿ ದಂಡೆಯಲ್ಲಿ. ಪಿಯುಸಿಯಲ್ಲಿ ಮಾನ್ಯಖೇಟ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ರಾಷ್ಟ್ರಕೂಟರ ರಾಜಧಾನಿ. ಇಲ್ಲಿ ಜನ ಬರೋದೇ ಇಲ್ಲ ಅಂದರೆ ತಪ್ಪಾಗುತ್ತದೆ. ಜಯತೀರ್ಥರ ವೃಂದಾವನಕ್ಕೆ ಭಕ್ತರು ಬರುತ್ತಾರೆ, ನೇಮಿನಾಥ ಬಸದಿಗೆ ಜೈನರು ಬರುತ್ತಾರೆ. ಬರದೆ ಇರುವವರು ನಮ್ಮಂಥವರು. ಕೋಟೆಯ ಗೋಡೆ ಹತ್ತಿ ಕೂತಾಗ ಒಂದು ಕಡೆ ನದಿ, ಇನ್ನೊಂದು ಕಡೆ ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ. ರಾಜಕುಮಾರ್ ಮಯೂರನಾದರು, ಇಮ್ಮಡಿ ಪುಲಕೇಶಿಯಾದರು, ಕೃಷ್ಣದೇವರಾಯರಾದರು. ಅಮೋಘವರ್ಷ ನೃಪತುಂಗ ಆಗಲಿಲ್ಲ. ಅರವತ್ತಕ್ಕೂ ಹೆಚ್ಚು ವರ್ಷ ಆಳಿದ ದೊರೆಗೆ ಒಂದು ಒಳ್ಳೆ ಡ್ಯುಯೆಟ್ ಕೂಡ ಸಿಗಲಿಲ್ಲ.

ಅವನ ಆಸ್ಥಾನದ 'ಕವಿರಾಜಮಾರ್ಗ' ನಮಗೆ ಗೊತ್ತಿರೋದು ಕಾವೇರಿಯಿಂದ ಗೋದಾವರಿ ತನಕ ಅನ್ನುವ ಭಾಗದಿಂದ. ಪ್ರತಿ ರಾಜ್ಯೋತ್ಸವದಲ್ಲಿ ಯಾರಾದರೂ ಹೇಳ್ತಾರೆ. ಆದರೆ ಅದೇ ಪುಸ್ತಕ ಇನ್ನೂ ಎರಡು ಮಾತು ಹೇಳುತ್ತದೆ. ಕನ್ನಡದ ತಿರುಳು ಯಾವ ಕಡೆಯದು ಅಂತ ಕೇಳಿದರೆ ಅದು ಕೊಡುವ ಹೆಸರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಅಂದರೆ ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಸೀಮೆ. ಬೆಂಗಳೂರು, ಮೈಸೂರು ಪಟ್ಟಿಯಲ್ಲೇ ಇಲ್ಲ! ಇನ್ನೊಂದು ಮಾತು, ಕನ್ನಡಗಳು ಎಷ್ಟೊಂದು ಬಗೆ ಅಂದರೆ ಅವುಗಳ ದೋಷ ಎಣಿಸಲು ಕೂತರೆ ವಾಸುಕಿಗೂ ಬೇಸರ ಬಂದೀತು ಅಂತ. ಇದು 9ನೇ ಶತಮಾನದಲ್ಲಿ, ಈ ಊರಿನ ಅರಮನೆಯಲ್ಲಿ ಗೊತ್ತಿದ್ದ ಸಂಗತಿ. ನಾವು ಫ್ರೆಷರ್ಸ್ ಡೇ ದಿನ ಏನು ಮಾಡಿದ್ದೆವು ಅನ್ನೋದು ಎಲ್ಲರಿಗೂ ಒಟ್ಟಿಗೇ ನೆನಪಾಯಿತು ಅಂತ ಕಾಣುತ್ತೆ. ಒಬ್ಬಳು ಹೇಳಿಯೂ ಬಿಟ್ಟಳು. "ಸಾರಿ ಕಣೋ, ಆ ನಾಟಕಕ್ಕೆ." ಅವನು, "ನಿಮ್ದು ಡೈಲಾಗೇ ತಪ್ಪಿತ್ತು, ಹಂಗ ಯಾರೂ ಮಾತಾಡಲ್ಲ" ಅಂದ. ಅಷ್ಟಕ್ಕೇ ಮುಗಿಸಿದ, ಅದು ಅವನ ದೊಡ್ಡತನ.

ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ನಮಗೆ 'ಕೊಲಂಬಸ್' ಮತ್ತೆ ನೆನಪಾಯಿತು. 11ನೇ ಶತಮಾನದಲ್ಲಿ ಅಲ್ಲೊಂದು ಘಟಿಕಾಸ್ಥಾನ ಇತ್ತು. ರೆಸಿಡೆನ್ಷಿಯಲ್ ಕಾಲೇಜ್ ಅಂದುಕೊಳ್ಳಿ. ಶಾಸನದ ಪ್ರಕಾರ ಅಲ್ಲಿನ ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಜನ ಇದ್ದರು. ನಮ್ಮ ಕಾಲೇಜ್ ಲೈಬ್ರರಿಯಲ್ಲಿ ಈಗ ಇರೋದು ಇಬ್ಬರು, ಅವರಲ್ಲಿ ಒಬ್ಬರು ಸದಾ ಊಟಕ್ಕೆ ಹೋಗಿರುತ್ತಾರೆ. ಐ.ಎಂ. ಪೇ ಕಟ್ಟಿದ ಲೈಬ್ರರಿಯನ್ನು ಕತ್ತಲ ಹಾಲಿನಲ್ಲಿ ಕೂತು ಬೆರಗಿನಿಂದ ನೋಡಿದವರು ನಾವು. ನಾಗಾವಿಯ ಕಂಬಗಳ ನಡುವೆ ನಿಂತಾಗ ಅಲ್ಲಿ ಇದ್ದದ್ದು ನಾವು, ನಾಲ್ಕು ಆಡು, ಆಡು ಕಾಯುವ ಹುಡುಗ.

ಸನ್ನತಿಗೂ ಹೋದೆವು, ಆದರೆ ಸಂಜೆಯಾಗಿತ್ತು, ಅವಸರದಲ್ಲಿ ನೋಡಿದ್ದು. ಅಲ್ಲಿನ ಕಾಳಿ ಗುಡಿಯ ಚಾವಣಿ 1986ರಲ್ಲಿ ಬಿದ್ದಾಗ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪವೇ ಸಿಕ್ಕಿತು, ಕೆಳಗೆ ಬ್ರಾಹ್ಮಿಯಲ್ಲಿ ಅವನ ಹೆಸರಿನ ಸಮೇತ. ನಮಗೆಲ್ಲ ಅಶೋಕ ಅಂದರೆ 2001ರ ಸಿನಿಮಾದ ಶಾರುಖ್ ಖಾನ್. ಆ ಸಿನಿಮಾ ತಯಾರಾಗುತ್ತಿದ್ದ ವರ್ಷಗಳಲ್ಲೇ ನಮ್ಮದೇ ರಾಜ್ಯದಲ್ಲಿ ಭೀಮಾ ತೀರದಲ್ಲಿ ಆ ಸ್ತೂಪದ ಅಗೆತ ನಡೆಯುತ್ತಿತ್ತು.

ಇದನ್ನೆಲ್ಲ ಓದಿ ನಾಳೆಯೇ ಹತ್ತು ಬಸ್ ಮಾಡಿಕೊಂಡು ಗುಂಡಗುರ್ತಿಗೆ ಹೋಗಿ ಅಂತ ನಾವು ಹೇಳ್ತಾ ಇಲ್ಲ. ಈ ವಿಷಯದಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ. ವಾಪಸ್ ಬರುವಾಗ ವಾಡಿ ಪ್ಲಾಟ್‌ಫಾರ್ಮಿನಲ್ಲಿ ದೊಡ್ಡ ವಾದವೇ ನಡೆಯಿತು. ಕೆಲವರು, ರೀಲ್ ಮಾಡಿ ಹಾಕೋಣ, ಜನ ಬರಲಿ, ಊರಿಗೆ ದುಡ್ಡು ಬರಲಿ ಅಂದರು. ಇನ್ನು ಕೆಲವರಿಗೆ ಮುಳ್ಳಯ್ಯನಗಿರಿ ನೆನಪಾಯಿತು. ಗೆಳೆಯ ಇಬ್ಬರ ಪರವೂ ನಿಲ್ಲಲಿಲ್ಲ. "ಜನ ಬರ್ಲಿ ಬಿಡ್ಲಿ, ಬಸ್ ಬರ್ಬೇಕು" ಅಂದ. ಅವನ ತಂಗಿ ಈಗ ಪಿಯುಸಿ ಓದುತ್ತಿದ್ದಾಳೆ, ಕಾಲೇಜಿಗೆ ದಿನಾ ಓಡಾಟ. ಅವಳಿಗೂ ಇಂಜಿನಿಯರಿಂಗೇ ಬೇಕಂತೆ, ಅದೂ ಬೆಂಗಳೂರಿನಲ್ಲೇ. ಕಾಕಿ ಒಬ್ಬರೇ ಆಗ್ತಾರೆ. ಸಿನಿಮಾದ ಆ ಹುಡುಗಿ ಕೊನೆಗೆ ಊರು ಬಿಡ್ತಾಳೋ ಇಲ್ಲವೋ ಅಂತ ನಾವು ಅವತ್ತು ಹಾಲಿನಲ್ಲಿ ಆರಾಮಾಗಿ ಚರ್ಚೆ ಮಾಡಿದ್ದೆವು. ಗೆಳೆಯ ಆಗ ಯಾಕೆ ಮಾತು ನಿಲ್ಲಿಸಿದ ಅನ್ನೋದು ಈಗ ಸ್ವಲ್ಪ ಗೊತ್ತಾಗುತ್ತದೆ.

ಕಾಲೇಜಿಗೆ ಬಂದು ಒಂದು ತಿಂಗಳಾಯಿತು. ಜನವರಿಯಲ್ಲಿ ಹಾಕಿದ ಕ್ಯೂಬುಗಳಿಗೆ 28 ದಿನ ತುಂಬಿ, ಮೊನ್ನೆ ಒಡೆದೆವು, ರಿಸಲ್ಟ್ ಚೆನ್ನಾಗಿ ಬಂತು. ಹೊಸ ಬ್ಲಾಕಿನ ಕೆಲಸಗಾರರಲ್ಲಿ ಇಬ್ಬರು ಸೇಡಂ ಕಡೆಯವರು, ಉಳಿದವರು ರಾಯಚೂರು, ಯಾದಗಿರಿ. ಗೆಳೆಯ ಈಗ ಸಂಜೆ ಅಲ್ಲಿಗೆ ಚಹಾಕ್ಕೆ ಹೋಗುತ್ತಾನೆ, ಫೋನು ಬಂದರೆ ರೂಮಿನಲ್ಲೇ ಕೂತು ಮಾತಾಡುತ್ತಾನೆ, ಕಾಕಿ ನಮ್ಮನ್ನೂ ಕೇಳ್ತಾರೆ. ಈ ತಿಂಗಳ ಕೊನೆಯ ಶುಕ್ರವಾರ 'ಫೋಟೋ' ಮತ್ತೊಮ್ಮೆ ಹಾಕಬೇಕು, ಹೊಸ ಬ್ಲಾಕಿನವರನ್ನೂ ಮನೆಮಂದಿ ಸಮೇತ ಸೆಮಿನಾರ್ ಹಾಲಿಗೆ ಕರೆಯಬೇಕು ಅಂತ ಅರ್ಜಿ ಕೊಟ್ಟಿದ್ದೇವೆ. ಹೊರಗಿನವರಿಗೆ ಹಾಲ್ ಕೊಡಬಹುದೋ ಇಲ್ಲವೋ ಅಂತ ಇನ್ನೂ ಯೋಚಿಸುತ್ತಿದ್ದಾರೆ. ಕೊಡದಿದ್ದರೆ ಅವರು ಕಟ್ಟಿರುವ ಹೊಸ ಬ್ಲಾಕಿನ ಗೋಡೆಗೇ ಪ್ರೊಜೆಕ್ಟರ್ ಹಿಡಿಯುತ್ತೇವೆ. ಪ್ಲಾಸ್ಟರ್ ಆಗಿದೆ, ಬಿಳಿ ಬಣ್ಣ ಮುಂದಿನ ವಾರ ಬಳೀತಾರಂತೆ.